ಹಳೆಯ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್: ಗುರುತು ಹಿಡಿಯುವುದು ಹೇಗೆ, ಬದಲಿಸುವುದು ಹೇಗೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೆಯ ಕಾರುಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕುರಿತು ಬಂದ ಪ್ರಶ್ನೆಗಳನ್ನೆಲ್ಲ ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ಚೆನ್ನಾಗಿ ರಿಪೇರಿಯಾದ ಬಾಕ್ಸ್ ಕೂರಿಸಿದ ಕೆಲವೇ ದಿನಗಳಲ್ಲಿ ಕೆಟ್ಟರೆ, ತಪ್ಪು ಹೆಚ್ಚಾಗಿ ಅದರ ಹೊರಗಡೆಯೇ ಸಿಗುತ್ತದೆ: ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಬಾಕ್ಸಿಗೆ ಕೊಡುವ ದುಂಡನೆಯ ಡಬ್ಬಿ), ಕೂಲರ್ (ಆಯಿಲ್ ತಂಪು ಮಾಡುವ ಭಾಗ), ಕೇಬಲ್ ಅಥವಾ ಆಯಿಲ್. ಉತ್ತರಗಳೂ ಅಲ್ಲೇ ಹೆಚ್ಚು ಹೊತ್ತು ನಿಂತಿವೆ.

ಪ್ರಶ್ನೆ: ನನ್ನದು 1970ರ ದಶಕದ ಆರಂಭದ ಷೆವ್ರೊಲೆ, ವಿ8 ಎಂಜಿನ್. ಕಾಗದಪತ್ರದಲ್ಲಿ ಟರ್ಬೊ ಹೈಡ್ರಾಮ್ಯಾಟಿಕ್ 350 ಎಂದಿದೆ. ಮಾರಿದವರು 400 ಎನ್ನುತ್ತಾರೆ. ಬಿಚ್ಚದೆ ತಿಳಿಯಬಹುದೇ?

ಉತ್ತರ: ಖಂಡಿತ. ಕಾಗದವನ್ನೂ ಮಾರಿದವರನ್ನೂ ಬದಿಗಿಟ್ಟು ಕಾರಿನ ಕೆಳಗೆ ಮಲಗಿ. ಐವತ್ತು ವರ್ಷದ ಕಾರಿನಲ್ಲಿ ಬಾಕ್ಸ್ ಒಮ್ಮೆಯಾದರೂ ಬದಲಾಗಿರುವ ಸಂಭವವೇ ಜಾಸ್ತಿ.

ಮೊದಲು ಆಯಿಲ್ ಪ್ಯಾನ್ ನೋಡಿ. 350ರ ಪ್ಯಾನ್ ಹೆಚ್ಚುಕಡಿಮೆ ಚೌಕ, ಒಂದು ಮೂಲೆ ಮಾತ್ರ ಓರೆಯಾಗಿ ಕತ್ತರಿಸಿದಂತಿರುತ್ತದೆ, ಬೋಲ್ಟ್ 13. 400ರಲ್ಲೂ ಬೋಲ್ಟ್ ಹದಿಮೂರೇ, ಆದರೆ ಪ್ಯಾನ್ ಉದ್ದವಾಗಿ, ಅಂಕುಡೊಂಕು ಅಂಚಿನದಾಗಿರುತ್ತದೆ. ಬೋಲ್ಟ್ ಮಾತ್ರ ಎಣಿಸಿದವರು ಎಡವುವುದು ಇಲ್ಲೇ. ಎರಡೇ ಗೇರಿನ ಪವರ್‌ಗ್ಲೈಡ್ ಆಗಿದ್ದರೆ 14 ಬೋಲ್ಟ್. ಬಹಳಷ್ಟು ಅಲ್ಯೂಮಿನಿಯಂ ಪವರ್‌ಗ್ಲೈಡ್‌ಗಳಲ್ಲಿ ಹೆಸರನ್ನು ಕೇಸಿನ ಮೇಲೇ ಎರಕ ಹೊಯ್ದಿರುತ್ತಾರೆ. ಬೋಲ್ಟ್ 16 ಇದ್ದರೆ ಯಾರೋ ಆಮೇಲೆ ಓವರ್‌ಡ್ರೈವ್ (ಹೆದ್ದಾರಿಯಲ್ಲಿ ಎಂಜಿನ್ ಸುತ್ತು ತಗ್ಗಿಸುವ ನಾಲ್ಕನೇ ಗೇರ್) ಇರುವ ಬಾಕ್ಸ್ ಹಾಕಿದ್ದಾರೆ ಎಂದರ್ಥ, 200-4ಆರ್ ಅಥವಾ 700ಆರ್4. ಅವು ಬಂದದ್ದೇ 1981 ಮತ್ತು 1982ರಲ್ಲಿ.

ಎರಡನೆಯದು ವ್ಯಾಕ್ಯೂಮ್ ಮಾಡ್ಯುಲೇಟರ್. ಎಂಜಿನ್‌ನಿಂದ ಸಣ್ಣ ಪೈಪ್ ಬಂದು ಸೇರುವ, ಮುಷ್ಟಿಗಿಂತ ಚಿಕ್ಕ ತಗಡಿನ ಡಬ್ಬಿ ಅದು. ಎರಡರಲ್ಲೂ ಬಲಬದಿಯಲ್ಲೇ ಇರುತ್ತದೆ. 350ರಲ್ಲಿ ತೀರಾ ಹಿಂದೆ, ಬಾಲದ ಹೌಸಿಂಗ್ ಸೇರುವ ಜಾಗದ ಹತ್ತಿರ. 400ರಲ್ಲಿ ಅದಕ್ಕಿಂತ ಸಾಕಷ್ಟು ಮುಂದೆ. ಮೂರನೆಯದು ಕಿಕ್‌ಡೌನ್, ಅಂದರೆ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕೆಳಗಿನ ಗೇರಿಗೆ ಇಳಿಸುವ ವ್ಯವಸ್ಥೆ. 350ಕ್ಕೆ ಕಾರ್ಬುರೇಟರಿನಿಂದ ಕೇಬಲ್ ಬರುತ್ತದೆ. 400ರದ್ದು ವಿದ್ಯುತ್ತಿನದು, ಎಡಬದಿಯಲ್ಲಿ ಕನೆಕ್ಟರ್, ಅದಕ್ಕೊಂದು ವೈರ್. ಈ ಮೂರೂ ಒಂದೇ ಮಾತು ಹೇಳಿದರೆ ಅನುಮಾನ ಮುಗಿಯಿತು.

ಪ್ರೊಪೆಲ್ಲರ್ ಶಾಫ್ಟ್ ಹೇಗೂ ಇಳಿಸುತ್ತೀರಾದರೆ ಔಟ್‌ಪುಟ್ ಶಾಫ್ಟಿನ ಸ್ಪ್ಲೈನ್ (ಶಾಫ್ಟಿನ ಮೈಮೇಲಿನ ಉದ್ದನೆಯ ಹಲ್ಲುಗಳು) ಎಣಿಸಿ: 350ಕ್ಕೆ 27, 400ಕ್ಕೆ 32. ಇಲ್ಲೊಂದು ಬಲೆಯಿದೆ. 400ರ ಮೈಯಲ್ಲೇ 27 ಸ್ಪ್ಲೈನ್ ಇಟ್ಟು 375 ಎಂಬ ತಳಿಯನ್ನೂ ಮಾಡಿದ್ದರು, ಆ ಅಂಕಿ ಬಾಲದ ಹೌಸಿಂಗ್ ಮೇಲೆ ಕಾಣುತ್ತದೆ. ಹೊರಗಿನಿಂದ 400, ಯೋಕ್ (ಪ್ರೊಪೆಲ್ಲರ್ ಶಾಫ್ಟನ್ನು ಬಾಕ್ಸಿಗೆ ಸೇರಿಸುವ ತುದಿ) ಮಾತ್ರ 350ರದ್ದು. ತಿಳಿಯದೆ 400ರ ಯೋಕ್ ಕೊಂಡುತಂದರೆ ಒಳಗೆ ಹೋಗುವುದಿಲ್ಲ.

ಬದಲಿ ಬಾಕ್ಸ್ ಹುಡುಕುವ ಮುನ್ನ ಬೆಲ್‌ಹೌಸಿಂಗಿನ (ಎಂಜಿನ್‌ಗೆ ಸೇರುವ ಗಂಟೆಯಾಕಾರದ ಮುಂಭಾಗ) ಬೋಲ್ಟ್ ವಿನ್ಯಾಸವನ್ನೂ ಬಾಲದ ಉದ್ದವನ್ನೂ ಬರೆದಿಟ್ಟುಕೊಳ್ಳಿ. ಷೆವ್ರೊಲೆ ಎಂಜಿನ್‌ಗೆ ಒಂದು ವಿನ್ಯಾಸ, ಬ್ಯುಕ್, ಓಲ್ಡ್ಸ್‌ಮೊಬೀಲ್, ಪಾಂಟಿಯಾಕ್, ಕ್ಯಾಡಿಲಾಕ್‌ಗಳಿಗೆ ಇನ್ನೊಂದು. 350 ಎಂದು ಚೀಟಿ ಅಂಟಿಸಿದ್ದೆಲ್ಲ ನಿಮ್ಮ ಎಂಜಿನ್‌ಗೆ ಕೂರುವುದಿಲ್ಲ. ಬಾಲವೂ 6, 9, 12 ಇಂಚು ಹೀಗೆ ಮೂರು ಅಳತೆಗಳಲ್ಲಿತ್ತು. ಬೆಲ್‌ಹೌಸಿಂಗ್ ಮುಖದಿಂದ ಬಾಲದ ತುದಿಗೆ 27 ಮುಕ್ಕಾಲು ಇಂಚಿನ ಆಸುಪಾಸು ಬಂದರೆ ಅದು 6 ಇಂಚಿನ ಬಾಲದ 350.

ಪ್ರಶ್ನೆ: ಫೋರ್ಡ್ ಮತ್ತು ಕ್ರೈಸ್ಲರ್ ಕಾರುಗಳಲ್ಲೂ ಪ್ಯಾನ್ ನೋಡಿಯೇ ಹೇಳಬಹುದೇ?

ಉತ್ತರ: ಫೋರ್ಡ್‌ನಲ್ಲಿ ಇನ್ನೂ ಸುಲಭ. ಸಿ4ಗೆ 11 ಬೋಲ್ಟ್, ಸಿ6ಕ್ಕೆ 17, 1980ರಲ್ಲಿ ಬಂದ ಎಒಡಿಗೆ 14. ಸಿ4ನಲ್ಲಿ ಬೆಲ್‌ಹೌಸಿಂಗ್ ಬೇರೆಯಾಗಿ ಕಳಚುತ್ತದೆ, ಸಿ6ರಲ್ಲಿ ಅದು ಕೇಸಿನದೇ ಭಾಗ. ಮಧ್ಯದ ಕೇಸು ಎರಕದ ಕಬ್ಬಿಣ, ಮುಂದೆ ಹಿಂದೆ ಅಲ್ಯೂಮಿನಿಯಂ ಇದ್ದರೆ ಎಫ್‌ಎಂಎಕ್ಸ್. ಸರ್ವೊ ಮುಚ್ಚಳದ ಬೋಲ್ಟಿಗೆ ತಗಡಿನ ಟ್ಯಾಗ್ ಸಿಕ್ಕಿಸಿದ್ದರೆ ಅದರ ಕೋಡ್ ಪಿಇ ಎಂದು ಶುರುವಾಗುವುದು ಸಿ4, ಪಿಜೆ ಅಥವಾ ಪಿಜಿ ಎಂದಾದರೆ ಸಿ6.

ಸಿ4 ಎಂದು ಗೊತ್ತಾದ ಮೇಲೂ ಕೆಲಸ ಮುಗಿಯಲಿಲ್ಲ. 1960ರ ದಶಕದ ಸಿ4ಗಳ ಇನ್‌ಪುಟ್ ಶಾಫ್ಟ್ 24 ಸ್ಪ್ಲೈನ್, 1970ರ ನಂತರದವು ದಪ್ಪನೆಯ 26. ಹಳೇ ಕನ್ವರ್ಟರ್ ಹೊಸ ಬಾಕ್ಸಿಗೆ ಹೋಗುವುದಿಲ್ಲ. 1964ರ ಚಿಕ್ಕ ವಿ8 ಎಂಜಿನ್‌ಗಳ ಬೆಲ್‌ಹೌಸಿಂಗಿಗೆ ಐದೇ ಬೋಲ್ಟ್, 1965ರ ಮಾದರಿಗಳಿಗೆ ಆರು. ಡಿಪ್‌ಸ್ಟಿಕ್ ಕೊಳವೆ ಕೆಲವದರಲ್ಲಿ ಪ್ಯಾನ್‌ಗೆ ಸೇರುತ್ತದೆ, ಕೆಲವದರಲ್ಲಿ ಕೇಸಿಗೆ. ನಿಮ್ಮಲ್ಲಿರುವ ಕೊಳವೆಗೆ ಹೊಂದುವುದನ್ನೇ ಕೇಳಿ ತನ್ನಿ.

ಕ್ರೈಸ್ಲರ್ ಟಾರ್ಕ್‌ಫ್ಲೈಟ್‌ನ ಎರಡು ಅಲ್ಯೂಮಿನಿಯಂ ತಳಿಗಳು, 1960ರ ಎ904 ಮತ್ತು 1962ರ ಎ727, ಎರಡಕ್ಕೂ 14 ಬೋಲ್ಟ್. 904ರ ಪ್ಯಾನ್ ಚೌಕಾಕಾರ. 727ರದ್ದು ದೊಡ್ಡದು, ಹಿಂದಿನ ಒಂದು ಮೂಲೆ ಹೊರಕ್ಕೆ ಚಾಚಿರುತ್ತದೆ. ನಂಬಬೇಕಾದದ್ದು ಎಡಬದಿಯಲ್ಲಿ ಪ್ಯಾನ್ ಕೂರುವ ಅಂಚಿನ ಮೇಲೆ ಕೊರೆದ ಸಂಖ್ಯೆಯನ್ನು: ಏಳು ಅಂಕಿಯ ಪಾರ್ಟ್ ನಂಬರ್, ಆಮೇಲೆ ದಿನದ ಲೆಕ್ಕದಲ್ಲಿ ಬರೆದ ನಾಲ್ಕು ಅಂಕಿಯ ತಯಾರಿಕೆ ದಿನಾಂಕ, ಕೊನೆಗೆ ಸೀರಿಯಲ್. ತಂತಿ ಬ್ರಷ್ಷಿನಿಂದ ಉಜ್ಜಬೇಡಿ, ಮೃದು ಅಲ್ಯೂಮಿನಿಯಂ ಮೇಲಿನ ಅಂಕಿಗಳು ಅಳಿಸಿಹೋಗುತ್ತವೆ. ಸೀಮೆಎಣ್ಣೆ ಅದ್ದಿದ ಬಟ್ಟೆ, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಓದಲು ಕಷ್ಟವಾದರೆ ಸೀಮೆಸುಣ್ಣ ಸವರಿ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ.

ಪ್ರಶ್ನೆ: ಬ್ರಿಟಿಷ್ ಸೆಡಾನ್ ಒಂದರಲ್ಲಿ ಬೋರ್ಗ್ ವಾರ್ನರ್ 35 ಇದೆ. ಇನ್ನೊಂದು ಕಂಪನಿಯ ಕಾರಿನಿಂದ ತೆಗೆದ 35 ಸಿಗುತ್ತಿದೆ. ಎಲ್ಲ ಒಂದೇ ಎನ್ನುತ್ತಾರೆ, ಹಾಕಬಹುದೇ?

ಉತ್ತರ: ಹೆಸರು ಒಂದೇ, ಬಾಕ್ಸ್ ಒಂದೇ ಅಲ್ಲ. ಮಾಡೆಲ್ 35ನ್ನು ರೋವರ್, ಟ್ರಯಂಫ್, ಎಂಜಿಬಿ, ವೋಲ್ವೊ ಎಂದು ಹಲವರು ಬಳಸಿದರು. ಮಧ್ಯದ ಗೇರ್ ಸೆಟ್ಟು ಒಂದೇ ಮನೆತನದ್ದು, ಅನುಪಾತ 2.39, 1.45, 1.00. ಬೆಲ್‌ಹೌಸಿಂಗ್, ಕನ್ವರ್ಟರ್, ಹಿಂದಿನ ಫ್ಲ್ಯಾಂಜ್, ಲಿವರಿನ ಜೋಡಣೆ, ಸ್ಪೀಡೋಮೀಟರ್ ಗೇರ್ ಮಾತ್ರ ಕಾರಿನಿಂದ ಕಾರಿಗೆ ಬೇರೆ. ಇವನ್ನೆಲ್ಲ ನಿಮ್ಮ ಹಳೇ ಬಾಕ್ಸಿನಿಂದ ಬಿಚ್ಚಿ ಹಾಕಿಕೊಳ್ಳಬಹುದು ಅನ್ನಿಸುತ್ತದೆ. ಹಾಗೆ ಮಾಡಿದರೂ ಗವರ್ನರ್ (ಬಾಕ್ಸಿಗೆ ಕಾರಿನ ವೇಗ ತಿಳಿಸುವ ಭಾಗ) ಮತ್ತು ವಾಲ್ವ್ ಬಾಡಿಯ (ಆಯಿಲ್ ಒತ್ತಡ ಹಂಚಿ ಗೇರ್ ಬದಲಿಸುವ ಭಾಗ) ಸ್ಪ್ರಿಂಗುಗಳು ಮೂಲ ಕಾರಿನ ಎಂಜಿನ್ ಶಕ್ತಿಗೂ ತೂಕಕ್ಕೂ ಹೊಂದಿಸಿದವು. ಹಗುರ ಕಾರಿನ ಬಾಕ್ಸ್ ಭಾರದ ಕಾರಿಗೆ ಹೋದರೆ ಗೇರ್ ಬೀಳುವ ವೇಗವೇ ತಪ್ಪಾಗುತ್ತದೆ. ಕೇಸಿನ ಎಡಬದಿಯಲ್ಲಿ ರಿವೆಟ್ ಹೊಡೆದ ಚಿಕ್ಕ ಫಲಕ ಇರುತ್ತದೆ. ನಿಮ್ಮದರ ಸಂಖ್ಯೆಯೂ ಸಿಗುತ್ತಿರುವುದರ ಸಂಖ್ಯೆಯೂ ತಾಳೆಯಾದರೆ ತೆಗೆದುಕೊಳ್ಳಿ. ಫಲಕವೇ ಇಲ್ಲದ ಬಾಕ್ಸನ್ನು ಬಿಡಿಭಾಗಕ್ಕೆಂದು ಕೊಳ್ಳಬಹುದು, ಹಾಕಲು ಬೇಡ.

ಯುರೋಪಿನ ಬೇರೆ ಕಾರುಗಳ ವಿಷಯದಲ್ಲೂ ವರ್ಷ ಬಹಳ ಮುಖ್ಯ. ಜಾಗ್ವಾರ್ ಎಕ್ಸ್‌ಜೆ12 ಬೋರ್ಗ್ ವಾರ್ನರ್ 12ರೊಂದಿಗೆ ಬಂದು, 1977ರಲ್ಲಿ ಜನರಲ್ ಮೋಟಾರ್ಸ್ 400ಕ್ಕೆ ಬದಲಾಯಿತು. ರೋಲ್ಸ್ ರಾಯ್ಸ್ ಸಿಲ್ವರ್ ಶಾಡೋದ ಬಲಗೈ ಸ್ಟಿಯರಿಂಗ್ ಕಾರುಗಳಲ್ಲಿ ಮೊದಲು ನಾಲ್ಕು ಗೇರಿನ ಹೈಡ್ರಾಮ್ಯಾಟಿಕ್ ಇತ್ತು, 1968ರಲ್ಲಿ ಅದೂ ಮೂರು ಗೇರಿನ 400 ಆಯಿತು. ರೇಂಜ್ ರೋವರ್ 1980ರ ದಶಕದ ಆರಂಭದಲ್ಲಿ ಕ್ರೈಸ್ಲರ್ ಮೂರು ಗೇರಿನ ಬಾಕ್ಸ್ ಹಾಕಿ, 1985ರಲ್ಲಿ ಜೆಡ್‌ಎಫ್ 4ಎಚ್‌ಪಿ22ಕ್ಕೆ ಹೋಯಿತು. ಮರ್ಸಿಡಿಸ್‌ನವರು ಪುಣ್ಯಾತ್ಮರು: ಪ್ಯಾನಿನ ಮೇಲ್ಬದಿಯ ಅಂಚಿನಲ್ಲಿ 722 ಎಂದು ಆರಂಭವಾಗುವ ಸಂಖ್ಯೆಯನ್ನು ಸ್ಪಷ್ಟವಾಗಿ ಕೊರೆದಿರುತ್ತಾರೆ. ಚುಕ್ಕಿಯ ನಂತರದ ಅಂಕಿಗಳೂ ಹೊಂದಬೇಕು.

ಪ್ರಶ್ನೆ: ಆಯಿಲ್ ತಿಂಗಳಿಗೆ ಅರ್ಧ ಲೀಟರ್ ಕಡಿಮೆಯಾಗುತ್ತದೆ, ನೆಲದ ಮೇಲೆ ಒಂದು ಹನಿಯೂ ಇಲ್ಲ. ಗೇರ್ ತಡವಾಗಿ, ಗಟ್ಟಿಯಾಗಿ ಬೀಳುತ್ತದೆ. ಹೊಗೆ ಬಿಳಿಯಾಗಿದೆ. ಬಾಕ್ಸ್ ಬದಲಿಸಲು ಹೇಳಿದ್ದಾರೆ.

ಉತ್ತರ: ಬದಲಿಸಬೇಡಿ. ಮಾಡ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಎಳೆದು ಒಳಗೆ ನೋಡಿ. ಕೆಂಪು ಆಯಿಲ್ ಕಂಡರೆ ಅದರ ಒಳಗಿನ ರಬ್ಬರ್ ಡಯಾಫ್ರಮ್ ಹರಿದಿದೆ. ಎಂಜಿನ್ ಆ ಪೈಪ್ ಮೂಲಕ ಆಯಿಲನ್ನು ಹೀರಿ ಸುಡುತ್ತಿದೆ, ಬಿಳಿ ಹೊಗೆ ಅದೇ. ವ್ಯಾಕ್ಯೂಮ್ ತಲುಪದ ಕಾರಣ ಬಾಕ್ಸಿಗೆ ಎಂಜಿನ್ ಸದಾ ಪೂರ್ತಿ ಶಕ್ತಿಯಲ್ಲಿದೆ ಎನ್ನಿಸುತ್ತದೆ. ಅದಕ್ಕೇ ಒತ್ತಡ ಏರಿ ಗೇರ್ ತಡವಾಗಿ, ಜೋರಾಗಿ ಬೀಳುತ್ತದೆ. ಒಂದು ಬೋಲ್ಟ್ ಮತ್ತು ಕ್ಲಾಂಪ್ ಬಿಚ್ಚಿದರೆ ಹೊರಬರುವ ಬಿಡಿಭಾಗ ಇದು, ಫೋರ್ಡಿನ ಹಳೆಯ ಕೆಲವದರಲ್ಲಿ ತಿರುಪಿನಂತೆ ತಿರುಗಿಸಿ ತೆಗೆಯಬೇಕು. ಒಳಗಿನ ಸಣ್ಣ ಪಿನ್ ಅಥವಾ ವಾಲ್ವ್ ಜಾರಿ ಬೀಳದಂತೆ ಹಿಡಿದುಕೊಳ್ಳಿ. ಪೈಪೂ ಹಳೆಯದಾದರೆ ಆ ಎರಡು ಗೇಣು ರಬ್ಬರನ್ನೂ ಹೊಸದು ಮಾಡಿ.

ಬಾಕ್ಸ್ ತೆಗೆಯುವ ನಿರ್ಧಾರಕ್ಕೆ ಬರುವ ಮುನ್ನ ಇನ್ನೂ ಎರಡು ನೋಡಬೇಕು. ತಿಂಗಳುಗಟ್ಟಲೆ ನಿಂತ ಕಾರು ಮೊದಲ ಸಲ ಡ್ರೈವ್‌ಗೆ ಹಾಕಿದಾಗ ಕೆಲ ಕ್ಷಣ ಸುಮ್ಮನಿದ್ದು ಆಮೇಲೆ ಹೊರಟರೆ, ಕನ್ವರ್ಟರಿನಲ್ಲಿದ್ದ ಆಯಿಲ್ ಪ್ಯಾನ್‌ಗೆ ಇಳಿದಿದೆ ಅಷ್ಟೆ. ನಿತ್ಯ ಓಡಿಸಿದರೂ ಬಿಸಿಯಾದ ಮೇಲೂ ಹಾಗೇ ಆದರೆ ಒಳಗಿನ ಸೀಲುಗಳು ಗಟ್ಟಿಯಾಗಿವೆ. ಡಿಪ್‌ಸ್ಟಿಕ್‌ನ ಆಯಿಲ್ ಕಪ್ಪಾಗಿ, ಸುಟ್ಟ ವಾಸನೆ ಬಂದು, ಪ್ಯಾನ್ ಬಿಚ್ಚಿದಾಗ ಕಪ್ಪು ಪುಡಿ ದಪ್ಪಗೆ ಕೂತಿದ್ದರೆ ಕ್ಲಚ್ ಪ್ಲೇಟುಗಳು ಮುಗಿದಿವೆ, ಆಗ ಬಾಕ್ಸ್ ಇಳಿಸಲೇಬೇಕು. ತೆಳುವಾದ ಬೂದುಬಣ್ಣದ ಲೇಪ ಮಾತ್ರ ಇದ್ದರೆ ಅದು ಸಹಜ ಸವೆತ.

ಪ್ರಶ್ನೆ: ಬಾಕ್ಸ್ ಇಳಿಸಿ ಹತ್ತಿಸುವ ಕ್ರಮವನ್ನು ವಿವರವಾಗಿ ತಿಳಿಸಿ. ಮ್ಯಾನ್ಯುಯಲ್ ಗೇರ್‌ಬಾಕ್ಸ್ ಬಿಚ್ಚಿದ ಅನುಭವವಿದೆ, ಆಟೋಮ್ಯಾಟಿಕ್ ಇದೇ ಮೊದಲು.

ಉತ್ತರ: ಮೊದಲು ತೂಕದ ಲೆಕ್ಕ. 350 ಒಣಗಿದ್ದರೇ ಸುಮಾರು 55 ಕಿಲೋ, ಆಯಿಲ್ ತುಂಬಿದ ಕನ್ವರ್ಟರ್ ಸೇರಿದರೆ ಎಷ್ಟೋ ಹೆಚ್ಚು. ಮ್ಯಾನ್ಯುಯಲ್ ಬಾಕ್ಸಿನಂತೆ ಎದೆಯ ಮೇಲೆ ಇಳಿಸಿಕೊಳ್ಳುವ ಸಾಹಸ ಬೇಡ. ಪಟ್ಟಿ ಕಟ್ಟಲು ಬರುವ ಗೇರ್‌ಬಾಕ್ಸ್ ಜ್ಯಾಕ್ ಇರಲಿ, ಕಾರು ನಾಲ್ಕೂ ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಂತಿರಲಿ, ಬೆಲ್‌ಹೌಸಿಂಗ್ ಹೊರಬರುವಷ್ಟು ಎತ್ತರವಿರಲಿ.

ಬ್ಯಾಟರಿ ನೆಗೆಟಿವ್ ತೆಗೆಯಿರಿ. ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಹಿಂಬದಿಯಲ್ಲಿರುವ ಕಾರಾದರೆ ಅದರ ಕ್ಯಾಪನ್ನು ಈಗಲೇ ತೆಗೆದಿಡಿ. ಕ್ರಾಸ್‌ಮೆಂಬರ್ ಬಿಚ್ಚಿದಾಗ ಎಂಜಿನ್ ಹಿಂದಕ್ಕೆ ವಾಲುತ್ತದೆ, ಕ್ಯಾಪ್ ಫೈರ್‌ವಾಲ್‌ಗೆ ಬಡಿದು ಒಡೆಯುವುದು ಸಾಮಾನ್ಯ. ಫ್ಯಾನ್ ರೇಡಿಯೇಟರ್ ಕಡೆಗೆ ಹೋಗುತ್ತದೆಯೇ, ರೇಡಿಯೇಟರ್ ಹೋಸ್ ಎಳೆಯುತ್ತದೆಯೇ ಎಂದೂ ಕಣ್ಣಿಡಿ. ಸಂಪ್ ಕೆಳಗೆ ಅಗಲವಾದ ಮರದ ಹಲಗೆ ಇಟ್ಟು ಎಂಜಿನ್‌ಗೆ ಜ್ಯಾಕ್ ಕೊಡಿ.

ಆಯಿಲ್ ಬಸಿಯಿರಿ. ಪ್ಯಾನ್‌ನಿಂದ ಬರುವುದು ಸುಮಾರು ಮೂರೋ ನಾಲ್ಕೋ ಲೀಟರ್ ಮಾತ್ರ, ಉಳಿದದ್ದು ಕನ್ವರ್ಟರಿನಲ್ಲೇ ಇರುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಮತ್ತು ಡಿಫರೆನ್ಷಿಯಲ್ ಫ್ಲ್ಯಾಂಜ್ ಮೇಲೆ ಬಣ್ಣದ ಗೆರೆ ಎಳೆದುಕೊಂಡು ಶಾಫ್ಟ್ ತೆಗೆಯಿರಿ. ಕೂಲರ್ ಪೈಪುಗಳಿಗೆ ಎರಡು ಸ್ಪ್ಯಾನರ್ ಬೇಕು, ಒಂದು ಕೇಸಿನ ಫಿಟ್ಟಿಂಗನ್ನು ಹಿಡಿಯಲು, ಇನ್ನೊಂದು ನಟ್ ತಿರುಗಿಸಲು. ಒಂದೇ ಬಳಸಿದರೆ ಪೈಪೇ ತಿರುಚಿಕೊಳ್ಳುತ್ತದೆ. ಸ್ಪೀಡೋ ಕೇಬಲ್, ಶಿಫ್ಟ್ ಲಿಂಕೇಜ್, ಕಿಕ್‌ಡೌನ್, ವ್ಯಾಕ್ಯೂಮ್ ಪೈಪ್, ವೈರ್, ಡಿಪ್‌ಸ್ಟಿಕ್ ಕೊಳವೆ ಒಂದೊಂದಾಗಿ ಬಿಡಿಸಿ.

ಕೆಳಗಿನ ಮುಚ್ಚಳ ತೆಗೆದರೆ ಫ್ಲೆಕ್ಸ್‌ಪ್ಲೇಟ್, ಅಂದರೆ ಕ್ರ್ಯಾಂಕಿಗೆ ಕೂರಿಸಿದ ಹಲ್ಲಿನ ತಟ್ಟೆ, ಕಾಣುತ್ತದೆ. ಕನ್ವರ್ಟರನ್ನು ಅದಕ್ಕೆ ಹಿಡಿದಿರುವ ಮೂರೋ ನಾಲ್ಕೋ ಬೋಲ್ಟುಗಳನ್ನು ಕ್ರ್ಯಾಂಕ್ ತಿರುಗಿಸುತ್ತಾ ಒಂದೊಂದಾಗಿ ಬಿಚ್ಚಿ. ಎರಡರ ಮೇಲೂ ಗುರುತು ಹಾಕಿ, ಕ್ರೈಸ್ಲರ್‌ನಂಥ ಕೆಲವದರಲ್ಲಿ ಅವು ಒಂದೇ ಸ್ಥಾನದಲ್ಲಿ ಕೂರುತ್ತವೆ. ಬೋಲ್ಟ್ ತೆಗೆದ ಮೇಲೆ ಕನ್ವರ್ಟರನ್ನು ಹಿಂದಕ್ಕೆ, ಬಾಕ್ಸಿನ ಕಡೆಗೆ ತಳ್ಳಿ. ಬೆಲ್‌ಹೌಸಿಂಗ್ ಬೋಲ್ಟುಗಳಲ್ಲಿ ಮೇಲಿನ ಎರಡು ಕೊನೆಗೆ ಬರಲಿ. ಬಾಲವನ್ನು ಸ್ವಲ್ಪ ಇಳಿಸಿ ಉದ್ದನೆಯ ಎಕ್ಸ್‌ಟೆನ್ಷನ್ ಹಾಕಿದರೆ ಹಿಂದಿನಿಂದಲೇ ಸಿಗುತ್ತವೆ. ಬಾಕ್ಸ್ ಹೊರಬರುವಾಗ ಕನ್ವರ್ಟರ್ ಮುಂದಕ್ಕೆ ಜಾರಿ ಬೀಳದಂತೆ ಬೆಲ್‌ಹೌಸಿಂಗಿಗೆ ಅಡ್ಡವಾಗಿ ಒಂದು ಪಟ್ಟಿ ಬಿಗಿಯಿರಿ.

ಬಾಕ್ಸ್ ಕೆಳಗಿರುವಾಗ ಮಾಡಲೇಬೇಕಾದ ಕೆಲಸಗಳಿವೆ. ಫ್ಲೆಕ್ಸ್‌ಪ್ಲೇಟನ್ನು ಕ್ರ್ಯಾಂಕ್ ಬೋಲ್ಟುಗಳ ಸುತ್ತ ಬಿರುಕಿಗಾಗಿ ನೋಡಿ, ಹಲ್ಲುಗಳನ್ನೂ ಎಣಿಸಿ. ಷೆವ್ರೊಲೆಯಲ್ಲಿ 153 ಮತ್ತು 168 ಹಲ್ಲಿನವು, ಫೋರ್ಡ್ ಚಿಕ್ಕ ವಿ8ನಲ್ಲಿ 157 ಮತ್ತು 164 ಹಲ್ಲಿನವು ಇವೆ. ಸ್ಟಾರ್ಟರ್ ಆ ಪ್ರಕಾರವೇ ಇರಬೇಕು. ಬ್ಯಾಲೆನ್ಸ್ ಇನ್ನೊಂದು ಲೆಕ್ಕ: ಫೋರ್ಡ್ 302 ಎಂಜಿನ್‌ನಲ್ಲಿ 1980ರವರೆಗೆ 28 ಔನ್ಸ್, ಆಮೇಲೆ 50. ತಪ್ಪು ಫ್ಲೆಕ್ಸ್‌ಪ್ಲೇಟ್ ಹಾಕಿದರೆ ಇಡೀ ಕಾರು ನಡುಗುತ್ತದೆ, ಬೈಗುಳ ಗೇರ್‌ಬಾಕ್ಸಿಗೆ. ಎಂಜಿನ್ ಹಿಂಬದಿಯ ಎರಡು ಡೋವೆಲ್ ಪಿನ್ ಇವೆಯೇ ಎಂದು ಮುಟ್ಟಿ ನೋಡಿ. ಅವಿಲ್ಲದಿದ್ದರೆ ಬಾಕ್ಸ್ ಕೂದಲೆಳೆಯಷ್ಟು ಓರೆಯಾಗಿ ಕೂತು, ಮುಂದಿನ ಸೀಲ್ ಮತ್ತೆ ಮತ್ತೆ ಸೋರುತ್ತದೆ, ಪಂಪ್ ಬುಶ್ ಸವೆಯುತ್ತದೆ. ಎಂಜಿನ್ ರಿಯರ್ ಸೀಲನ್ನೂ ಈಗಲೇ ಬದಲಿಸುವುದು ಜಾಣತನ.

ಕೂಲರನ್ನು ಎರಡೂ ದಿಕ್ಕಿನಿಂದ ತೊಳೆಯಬೇಕು. ಸುಟ್ಟ ಬಾಕ್ಸಿನ ಕ್ಲಚ್ ಪುಡಿ ಮತ್ತು ಲೋಹದ ಚೂರು ಅಲ್ಲೇ ಅಡಗಿರುತ್ತವೆ, ಹೊಸ ಬಾಕ್ಸಿಗೆ ಮೊದಲ ಹತ್ತು ನಿಮಿಷದಲ್ಲೇ ಹರಿದುಬರುತ್ತವೆ. ಹಳೇ ಬಾಕ್ಸಿನಲ್ಲಿ ಬೇರಿಂಗ್ ಅಥವಾ ಗೇರ್ ಪುಡಿಯಾಗಿದ್ದರೆ ತೊಳೆಯುವ ಗೋಜಿಗೆ ಹೋಗದೆ ಹೊಸ ಕೂಲರ್ ಹಾಕಿ. ಕನ್ವರ್ಟರಿಗೂ ಇದೇ ನಿಯಮ. ಮುಚ್ಚಿ ಬೆಸುಗೆ ಹಾಕಿದ ಡಬ್ಬಿ ಅದು, ಕತ್ತರಿಸದೆ ಒಳಗನ್ನು ಶುಚಿ ಮಾಡಲಾಗದು.

ಜೋಡಿಸುವಾಗ ಕ್ರಮ ಹಿಂದುಮುಂದು, ಕನ್ವರ್ಟರ್ ಒಂದನ್ನು ಬಿಟ್ಟು. ಅದಕ್ಕೆ ಮುಂದಿನ ಉತ್ತರವನ್ನೇ ಮೀಸಲಿಟ್ಟಿದ್ದೇವೆ. ಷೆವ್ರೊಲೆ ಚಿಕ್ಕ ವಿ8ಗೆ ಬಿಗಿತದ ಅಳತೆ: ಬೆಲ್‌ಹೌಸಿಂಗ್ ಬೋಲ್ಟ್ ಮತ್ತು ಕನ್ವರ್ಟರ್ ಬೋಲ್ಟ್ 47 ನ್ಯೂಟನ್ ಮೀಟರ್, ಫ್ಲೆಕ್ಸ್‌ಪ್ಲೇಟಿನ ಕ್ರ್ಯಾಂಕ್ ಬೋಲ್ಟ್ 81, ಪ್ಯಾನ್ ಬೋಲ್ಟ್ 16. ಬೇರೆ ಕಾರುಗಳಿಗೆ ಅವುಗಳ ಕೈಪಿಡಿ ನೋಡಿ. ಪ್ಯಾನ್ ಬೋಲ್ಟನ್ನು ಕೈಬಲ ನಂಬಿ ಬಿಗಿದರೆ ತಗಡು ತೂತಿನ ಸುತ್ತ ಬಾಗಿ, ಸೋರಿಕೆ ಖಾಯಂ ಆಗುತ್ತದೆ.

ಪ್ರೊಪೆಲ್ಲರ್ ಶಾಫ್ಟಿನ ಯೋಕನ್ನು ಪೂರ್ತಿ ಒಳಕ್ಕೆ ತಳ್ಳಿ, ಅಲ್ಲಿಂದ 20ರಿಂದ 25 ಮಿಲಿಮೀಟರ್ ಹೊರಗೆ ಬಂದ ಜಾಗದಲ್ಲಿ ಶಾಫ್ಟ್ ಕೂರಬೇಕು, ಕಾರು ಚಕ್ರದ ಮೇಲೆ ನಿಂತಿರುವಾಗ. ಅಷ್ಟು ಜಾಗ ಬಿಡದಿದ್ದರೆ ಹಿಂದಿನ ಚಕ್ರ ಹಳ್ಳಕ್ಕೆ ಬಿದ್ದಾಗ ಶಾಫ್ಟ್ ನೇರವಾಗಿ ಬಾಕ್ಸಿನ ಬಾಲಕ್ಕೆ ಗುದ್ದುತ್ತದೆ.

ಪ್ರಶ್ನೆ: ರಿಪೇರಿಯಾದ ಬಾಕ್ಸ್ ಹತ್ತಿಸುವಾಗ ಎಂಜಿನ್‌ಗೂ ಬೆಲ್‌ಹೌಸಿಂಗಿಗೂ ನಡುವೆ ಒಂದು ಬೆರಳಿನಷ್ಟು ಸಂದು ಉಳಿಯಿತು. ಬೋಲ್ಟ್ ಬಿಗಿದು ಎಳೆದುಕೊಂಡೆವು. ಸ್ಟಾರ್ಟ್ ಮಾಡಿದಾಗ ಕರಕರ ಸದ್ದು, ಯಾವ ಗೇರಿನಲ್ಲೂ ಕಾರು ಅಲುಗಲಿಲ್ಲ. ರಿಪೇರಿಯೇ ಸರಿಯಿಲ್ಲವೇ?

ಉತ್ತರ: ರಿಪೇರಿ ಮಾಡಿದವರನ್ನು ದೂರಬೇಡಿ. ಪಂಪ್ ಒಡೆದಿದೆ, ಒಡೆದದ್ದು ಆ ಬೋಲ್ಟ್ ಬಿಗಿದ ಹೊತ್ತಿನಲ್ಲಿ.

ಕನ್ವರ್ಟರಿನ ಹಿಂದಿನ ಕೊಳವೆ ಬಾಕ್ಸಿನೊಳಗೆ ಹೋಗುವಾಗ ಒಂದರ ಹಿಂದೆ ಒಂದರಂತೆ ಮೂರು ಕಡೆ ಹೊಂದಬೇಕು. ಮೊದಲು ಇನ್‌ಪುಟ್ ಶಾಫ್ಟಿನ ಸ್ಪ್ಲೈನ್, ಆಮೇಲೆ ಅದರ ಸುತ್ತಲಿನ ಸ್ಟೇಟರ್ ಕೊಳವೆಯ ಸ್ಪ್ಲೈನ್, ಕೊನೆಗೆ ಪಂಪ್ ಗೇರಿನ ಕಚ್ಚುಗಳು. ಮೊದಲೆರಡು ಸಿಕ್ಕಿದ ಕೂಡಲೇ ಕನ್ವರ್ಟರ್ ಸರಾಗವಾಗಿ ತಿರುಗುತ್ತದೆ, ಕೂತಂತೆಯೇ ಕಾಣುತ್ತದೆ. ಮೂರನೆಯದು ಸಿಕ್ಕಿರುವುದಿಲ್ಲ. ಆ ಸ್ಥಿತಿಯಲ್ಲಿ ಬಾಕ್ಸ್ ಎಂಜಿನ್‌ಗೆ ಹತ್ತಿರವಾದರೆ ಕನ್ವರ್ಟರ್ ಫ್ಲೆಕ್ಸ್‌ಪ್ಲೇಟಿಗೂ ಪಂಪ್ ಗೇರಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಬೋಲ್ಟ್ ಬಿಗಿದಷ್ಟೂ ಪಂಪ್ ಗೇರಿನ ಮೇಲೆ ಒತ್ತಡ. ಎರಕದ ಕಬ್ಬಿಣ ಬಾಗುವುದಿಲ್ಲ, ಸೀಳುತ್ತದೆ.

ಸರಿಯಾದ ಕ್ರಮ ಹೀಗೆ. ಬಾಕ್ಸನ್ನು ಮೂಗು ಮೇಲಾಗಿ ವಾಲಿಸಿ. ಕನ್ವರ್ಟರಿಗೆ ಸುಮಾರು ಒಂದು ಲೀಟರ್ ಆಯಿಲ್ ಸುರಿಯಿರಿ, ಹಿಂದಿನ ಕೊಳವೆಯ ಹೊರಮೈಗೂ ಸೀಲಿನ ತುಟಿಗೂ ಆಯಿಲ್ ಸವರಿ. ಎರಡೂ ಕೈಯಿಂದ ಹಿಡಿದು ಒಳಕ್ಕೆ ಒತ್ತುತ್ತಾ ತಿರುಗಿಸಿ. ಒಂದೊಂದು ಹಂತ ಸಿಕ್ಕಿದಾಗಲೂ ಟಕ್ ಎಂದು ಒಳಕ್ಕೆ ಇಳಿದದ್ದು ಕೈಗೆ ತಿಳಿಯುತ್ತದೆ. ಕೊನೆಯ ಟಕ್ ಕೆಲವೊಮ್ಮೆ ಐದಾರು ಸುತ್ತು ತಿರುಗಿಸಿದ ಮೇಲೆ ಬರುತ್ತದೆ, ಅವಸರ ಬೇಡ. ಆಮೇಲೆ ಬೆಲ್‌ಹೌಸಿಂಗ್ ಮುಖಕ್ಕೆ ನೇರ ಪಟ್ಟಿ ಅಡ್ಡ ಇಟ್ಟು ಕನ್ವರ್ಟರ್ ಎಷ್ಟು ಒಳಗಿದೆ ಎಂದು ಅಳೆದು ಬರೆದಿಟ್ಟುಕೊಳ್ಳಿ.

ಬಾಕ್ಸ್ ಎಂಜಿನ್‌ಗೆ ಕೂರುವಾಗ ಬೆಲ್‌ಹೌಸಿಂಗ್ ಬೋಲ್ಟ್ ಇಲ್ಲದೆಯೇ, ಕೈಯ ಒತ್ತಡಕ್ಕೇ ಸಂದಿಲ್ಲದೆ ಸೇರಬೇಕು. ಸೇರದಿದ್ದರೆ ಹೊರತೆಗೆದು ಮತ್ತೆ ನೋಡಿ. ಸೇರಿದ ಮೇಲೆ ಕನ್ವರ್ಟರನ್ನು ಕೈಯಿಂದ ತಿರುಗಿಸಿ ನೋಡಿ, ಬಿಡುವಾಗಿ ತಿರುಗಬೇಕು. ಅದನ್ನು ಹಿಂದಕ್ಕೆ ತಳ್ಳಿ ಫ್ಲೆಕ್ಸ್‌ಪ್ಲೇಟಿಗೂ ಅದಕ್ಕೂ ನಡುವಿನ ಸಂದು ಅಳೆಯಿರಿ. ಜನರಲ್ ಮೋಟಾರ್ಸ್ ಬಾಕ್ಸುಗಳಿಗೆ 3ರಿಂದ 5 ಮಿಲಿಮೀಟರ್ ಇರಬೇಕು. ಸಂದು ಸೊನ್ನೆಯಾದರೆ ಪಂಪ್ ಕಚ್ಚಿಲ್ಲ. 5ಕ್ಕಿಂತ ಹೆಚ್ಚಾದರೆ ಕನ್ವರ್ಟರ್ ತೀರಾ ಮುಂದಕ್ಕೆ ಬಂದು ಪಂಪ್ ಕಚ್ಚುಗಳ ತುದಿ ಮಾತ್ರ ಹಿಡಿಯುತ್ತದೆ, ಪ್ರತಿ ಬೋಲ್ಟಿಗೂ ಒಂದೇ ದಪ್ಪದ ಗಟ್ಟಿ ವಾಷರ್ ಕೊಟ್ಟು ಸರಿಪಡಿಸಬೇಕು. ಕನ್ವರ್ಟರಿನ ಮುಂದಿನ ಗುಬುಟು ಕ್ರ್ಯಾಂಕಿನ ತೂತಿಗೆ ಹೋಗುವ ಜಾಗಕ್ಕೆ ತೆಳುವಾಗಿ ಗ್ರೀಸ್ ಇರಲಿ, ತುಕ್ಕು ಇದ್ದರೆ ಮೊದಲೇ ಉಜ್ಜಿ ತೆಗೆಯಿರಿ.

ನಿಮ್ಮ ಬಾಕ್ಸ್ ಈಗ ಮತ್ತೆ ಇಳಿಯಬೇಕು. ಪಂಪ್, ಮುಂದಿನ ಸೀಲ್ ಹೊಸದು, ಕನ್ವರ್ಟರಿನ ಕೊಳವೆಯ ಕಚ್ಚಿನಲ್ಲಿ ಗಾಯವಾಗಿದೆಯೇ ಪರಿಶೀಲನೆ. ಚೂರುಗಳು ಫಿಲ್ಟರಿನಿಂದಾಚೆ ಹೋಗಿರುವ ಸಾಧ್ಯತೆ ಇರುವುದರಿಂದ ವಾಲ್ವ್ ಬಾಡಿಯನ್ನೂ ಬಿಚ್ಚಿ ತೊಳೆಯಲು ಹೇಳಿ.

ಪ್ರಶ್ನೆ: 350 ತೆಗೆದು ಓವರ್‌ಡ್ರೈವ್ ಇರುವ 700ಆರ್4 ಹಾಕಿದರೆ ಹೆದ್ದಾರಿಯಲ್ಲಿ ಎಂಜಿನ್ ಆರಾಮಾಗಿ ಓಡುತ್ತದೆಯಲ್ಲವೇ? ಏನೇನು ಬದಲಿಸಬೇಕು?

ಉತ್ತರ: ಓಡುತ್ತದೆ, ಹಿಂದಿನ ಆಕ್ಸಲ್ ಅನುಪಾತ ಒಪ್ಪಿದರೆ. 700ಆರ್4ರ ಅನುಪಾತಗಳು 3.06, 1.63, 1.00, 0.70. ಆಕ್ಸಲ್ 3.73 ಇದ್ದರೆ ಓವರ್‌ಡ್ರೈವ್‌ನಲ್ಲಿ ಅದು 2.61ರಂತೆ ವರ್ತಿಸುತ್ತದೆ, ಚೆಂದದ ಹೊಂದಾಣಿಕೆ. ಆಕ್ಸಲ್ 3.08 ಇದ್ದರೆ ಬರುವುದು 2.16. ಎಂಜಿನ್ ಸುತ್ತು ತೀರಾ ಇಳಿದು, ಸಣ್ಣ ಏರಿಗೂ ಬಾಕ್ಸ್ ಮೂರಕ್ಕೂ ನಾಲ್ಕಕ್ಕೂ ಹಿಂದೆಮುಂದೆ ಹೊಯ್ದಾಡುತ್ತದೆ. ಅಂಥ ಕಾರಿಗೆ ಈ ಖರ್ಚು ದಂಡ ಎನ್ನುವುದು ನಮ್ಮ ಅಭಿಪ್ರಾಯ.

ಅಳತೆಗಳ ವಿಷಯ. 700ಆರ್4 ಉದ್ದ 30 ಮುಕ್ಕಾಲು ಇಂಚು, ಗಿಡ್ಡ ಬಾಲದ 350ಕ್ಕಿಂತ ಸುಮಾರು ಮೂರು ಇಂಚು ಹೆಚ್ಚು. ಪ್ರೊಪೆಲ್ಲರ್ ಶಾಫ್ಟ್ ಅಷ್ಟು ಗಿಡ್ಡವಾಗಿ ಮತ್ತೆ ಬ್ಯಾಲೆನ್ಸ್ ಆಗಬೇಕು. ಮೌಂಟ್ ಎರಡು ಇಂಚಿಗಿಂತ ತುಸು ಹೆಚ್ಚು ಹಿಂದಕ್ಕೆ ಹೋಗುತ್ತದೆ, ಕ್ರಾಸ್‌ಮೆಂಬರ್ ಸರಿಸಬೇಕು. ಯೋಕ್ 27 ಸ್ಪ್ಲೈನ್, ಹಳೆಯದೇ ಆದೀತು. 200-4ಆರ್ ಆದರೆ ಉದ್ದ ಗಿಡ್ಡ ಬಾಲದ 350ರಷ್ಟೇ, ಶಾಫ್ಟ್ ಮುಟ್ಟಬೇಕಿಲ್ಲ. ಮೌಂಟ್ ಮಾತ್ರ ಬಹಳ ಹಿಂದಕ್ಕೆ, 27 ಇಂಚಿನಲ್ಲಿ ಕೂರುತ್ತದೆ. 700ಆರ್4ರ ಮೊದಲ ಕೆಲ ವರ್ಷದವುಗಳಲ್ಲಿ ಇನ್‌ಪುಟ್ ಶಾಫ್ಟ್ 27 ಸ್ಪ್ಲೈನ್, ನಂತರದವುಗಳಲ್ಲಿ 30. ಬಾಕ್ಸ್ ಆಯ್ದಾದ ಮೇಲೆಯೇ ಕನ್ವರ್ಟರ್ ಕೊಳ್ಳಿ.

ಬಾಕ್ಸ್ ಸುಡುವುದು ಈ ಯಾವುದರಿಂದಲೂ ಅಲ್ಲ, ಕಾರ್ಬುರೇಟರಿನಿಂದ ಬರುವ ಟಿವಿ (ಥ್ರಾಟಲ್ ವಾಲ್ವ್) ಕೇಬಲಿನಿಂದ. 350ರ ಕೇಬಲ್ ಕಿಕ್‌ಡೌನ್‌ಗೆ ಮಾತ್ರ. ಅದು ಸಡಿಲವಾದರೆ ಕಿಕ್‌ಡೌನ್ ಆಗುವುದಿಲ್ಲ, ಅಷ್ಟೆ. 700ಆರ್4ರಲ್ಲಿ ಕ್ಲಚ್ಚುಗಳನ್ನು ಒತ್ತಿಹಿಡಿಯುವ ಒತ್ತಡವೇ ಈ ಕೇಬಲಿನ ಎಳೆತದಿಂದ ನಿರ್ಧಾರವಾಗುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕೇಬಲ್ ಪೂರ್ತಿ ಹೊರಬಂದಿರಬೇಕು, ಬಿಟ್ಟಾಗ ಜೋತು ಬೀಳಬಾರದು. ಬೇರೆ ಕಂಪನಿಯ ಕಾರ್ಬುರೇಟರಿನ ತೋಳಿಗೆ ನೇರವಾಗಿ ಸಿಕ್ಕಿಸಿದರೆ ಕೋನ ತಪ್ಪುತ್ತದೆ, ಅದಕ್ಕೆಂದೇ ಸಿಗುವ ಬ್ರಾಕೆಟ್ ಹಾಕಬೇಕು. ಕೇಬಲ್ ಸಿಕ್ಕಿಸದೆ ಸುಮ್ಮನೆ ಮನೆಯವರೆಗೆ ಎಂದು ಓಡಿಸಿದ ಬಾಕ್ಸುಗಳ ಮೂರು-ನಾಲ್ಕನೇ ಗೇರಿನ ಕ್ಲಚ್ ಆ ದೂರದಲ್ಲೇ ಸುಟ್ಟುಹೋಗುತ್ತದೆ. ಒತ್ತಡದ ಗೇಜ್ ಹಾಕಿ ಹೊಂದಿಸಿದರೆ ನಿಶ್ಚಿಂತೆ. ಕನ್ವರ್ಟರ್ ಲಾಕ್‌ಅಪ್‌ಗೆ (ಕನ್ವರ್ಟರ್ ಜಾರದಂತೆ ಕಚ್ಚಿಹಿಡಿಯುವ ವ್ಯವಸ್ಥೆ) ವೈರಿಂಗ್ ಕೊಡುವುದನ್ನೂ ಮರೆಯಬೇಡಿ. ಇಲ್ಲದಿದ್ದರೆ ಓವರ್‌ಡ್ರೈವ್‌ನಲ್ಲಿ ಕನ್ವರ್ಟರ್ ಜಾರುತ್ತಲೇ ಇದ್ದು ಆಯಿಲ್ ಕಾಯುತ್ತದೆ.

ಪ್ರಶ್ನೆ: ಹಳೇ ಕೈಪಿಡಿಯಲ್ಲಿ ಟೈಪ್ ಎ, ಟೈಪ್ ಎಫ್ ಎಂದಿದೆ. ಈಗ ಯಾವ ಆಯಿಲ್ ಹಾಕಬೇಕು, ಎಷ್ಟು?

ಉತ್ತರ: ಟೈಪ್ ಎ ಎಂದಿದ್ದರೆ ಡೆಕ್ಸ್‌ರಾನ್ ವರ್ಗದ್ದು ಹಾಕಿ, ಅದರ ಜಾಗಕ್ಕೆ 1967ರಲ್ಲಿ ಬಂದದ್ದೇ ಅದು. ಆಗಿನ ಆಯಿಲಿಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅಮೆರಿಕ ಅದನ್ನು ನಿಷೇಧಿಸಿದ ಮೇಲೆ ಸೂತ್ರ ಬದಲಾಯಿತು. ಟೈಪ್ ಎಫ್ ಬೇರೆಯದೇ ಜಾತಿ. ಅದರಲ್ಲಿ ಕ್ಲಚ್ಚನ್ನು ನಯವಾಗಿ ಜಾರಿಸುವ ಅಂಶವಿಲ್ಲ, ಹಾಗಾಗಿ ಹಿಡಿತ ಬೇಗ. ಫೋರ್ಡಿನ 1970ರ ದಶಕದ ಮಧ್ಯದವರೆಗಿನ ಸಿ4, ಸಿ6 ಮತ್ತು ಬೋರ್ಗ್ ವಾರ್ನರ್ 35 ಇದನ್ನೇ ಕೇಳುತ್ತವೆ. ಅವಕ್ಕೆ ಡೆಕ್ಸ್‌ರಾನ್ ಹಾಕಿದರೆ ಗೇರ್ ಬೀಳುವಾಗ ಜಾರಿಕೆ ಹೆಚ್ಚಿ ಕ್ಲಚ್ ಕಾಯುತ್ತದೆ.

ಪ್ರಮಾಣ: 350ಕ್ಕೆ ಕನ್ವರ್ಟರ್ ಸೇರಿ ಒಟ್ಟು 9.5 ಲೀಟರ್ ಆಸುಪಾಸು, 400ಕ್ಕೆ 10.5. ಒಮ್ಮೆಲೇ ಸುರಿಯಬೇಡಿ. ನಾಲ್ಕೈದು ಲೀಟರ್ ಹಾಕಿ ಸ್ಟಾರ್ಟ್ ಮಾಡಿ, ಐಡಲ್‌ನಲ್ಲಿ ಓಡುತ್ತಿರುವಾಗಲೇ ಇನ್ನೊಬ್ಬರು ಲೀಟರ್ ಲೀಟರಾಗಿ ಸೇರಿಸಲಿ. ಬ್ರೇಕ್ ಒತ್ತಿಹಿಡಿದು ಲಿವರನ್ನು ಪ್ರತಿ ಸ್ಥಾನದಲ್ಲೂ ಎರಡು ಮೂರು ಸೆಕೆಂಡ್ ನಿಲ್ಲಿಸಿ. ಕೂಲರಿನಿಂದ ಮರಳುವ ಪೈಪನ್ನು ಬಿಚ್ಚಿ ಪಾತ್ರೆಗೆ ಹಿಡಿದರೆ ಐಡಲ್‌ನಲ್ಲಿ 20 ಸೆಕೆಂಡಿಗೆ ಸುಮಾರು ಒಂದು ಲೀಟರ್ ಬರಬೇಕು. ಅದಕ್ಕಿಂತ ಬಹಳ ಕಡಿಮೆಯಾದರೆ ಕೂಲರ್ ಕಟ್ಟಿಕೊಂಡಿದೆ. ಅಂತಿಮ ಮಟ್ಟವನ್ನು ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಬಿಸಿಯಾದ ಮೇಲೆ, ಸಮತಟ್ಟಿನಲ್ಲಿ, ಎಂಜಿನ್ ಓಡುತ್ತಿರುವಾಗ ನೋಡಿ. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಪಾರ್ಕ್‌ನಲ್ಲಿ, ಹಳೇ ಟಾರ್ಕ್‌ಫ್ಲೈಟ್ ನ್ಯೂಟ್ರಲ್‌ನಲ್ಲಿ. ಟಾರ್ಕ್‌ಫ್ಲೈಟ್‌ನಲ್ಲಿ ಪಾರ್ಕ್‌ನಲ್ಲಿರುವಾಗ ಕನ್ವರ್ಟರಿಗೆ ಆಯಿಲ್ ಹೋಗುವುದಿಲ್ಲ, ಮಟ್ಟ ಸುಳ್ಳು ತೋರಿಸುತ್ತದೆ. ಮಿತಿಮೀರಿ ತುಂಬಿದರೆ ಗೇರುಗಳು ಆಯಿಲನ್ನು ಕಡೆದು ನೊರೆಯೆಬ್ಬಿಸುತ್ತವೆ. ನೊರೆಗೆ ಒತ್ತಡ ನಿಲ್ಲುವುದಿಲ್ಲ, ಕೊರತೆಯಾದಾಗಿನ ಲಕ್ಷಣಗಳೇ ಕಾಣುತ್ತವೆ.

ಪ್ರಶ್ನೆ: ಬಾಕ್ಸ್ ಬದಲಿಸಿದ ಮೇಲೆ ಲಿವರ್ ಡ್ರೈವ್‌ನಲ್ಲಿದ್ದರೂ ಸ್ಟಾರ್ಟ್ ಆಗುತ್ತಿದೆ. ಓಡಿಸಬಹುದೇ?

ಉತ್ತರ: ಬೇಡ. ನ್ಯೂಟ್ರಲ್ ಸೇಫ್ಟಿ ಸ್ವಿಚ್ ಜಾಗ ತಪ್ಪಿದೆ, ಇಲ್ಲವೇ ಯಾರೋ ವೈರ್‌ಗಳನ್ನು ನೇರ ಸೇರಿಸಿದ್ದಾರೆ. ಮೊದಲು ಲಿಂಕೇಜ್ ಹೊಂದಿಸಿ: ಬಾಕ್ಸಿನ ಪಕ್ಕದ ತೋಳನ್ನು ಕೈಯಿಂದ ಸರಿಸಿ ನ್ಯೂಟ್ರಲ್‌ನ ಕಚ್ಚಿನಲ್ಲಿ ನಿಲ್ಲಿಸಿ, ಒಳಗಿನ ಲಿವರನ್ನೂ ನ್ಯೂಟ್ರಲ್‌ನಲ್ಲಿಟ್ಟು ರಾಡ್ ಬಿಗಿಯಿರಿ. ಆಮೇಲೆ ಸ್ವಿಚ್ ಸಡಿಲಿಸಿ, ಪಾರ್ಕ್ ಮತ್ತು ನ್ಯೂಟ್ರಲ್‌ನಲ್ಲಿ ಮಾತ್ರ ಸ್ಟಾರ್ಟರ್ ಎಳೆಯುವ ಜಾಗಕ್ಕೆ ಸರಿಸಿ.

ಪ್ರಶ್ನೆ: ಬ್ಯಾಟರಿ ಇಳಿದಾಗ ಆಟೋಮ್ಯಾಟಿಕ್ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಬಹುದು ಎಂದು ಹಿರಿಯರೊಬ್ಬರು ಹೇಳಿದರು. ನಿಜವೇ?

ಉತ್ತರ: ಅವರ ಕಾಲದ ಕಾರಿಗೆ ನಿಜ. ಆಗಿನ ಹಲವು ಬಾಕ್ಸುಗಳಲ್ಲಿ ಔಟ್‌ಪುಟ್ ಶಾಫ್ಟಿನಿಂದ ಓಡುವ ಎರಡನೇ ಪಂಪ್ ಹಿಂಬದಿಯಲ್ಲಿತ್ತು. ಚಕ್ರ ತಿರುಗಿದರೆ ಒತ್ತಡ ಬರುತ್ತಿತ್ತು. ಟಾರ್ಕ್‌ಫ್ಲೈಟ್ 1966ರ ಮಾದರಿಯಲ್ಲಿ ಅದನ್ನು ತೆಗೆದುಹಾಕಿತು, 350 ಮತ್ತು 400ರಲ್ಲಿ ಅದು ಇಲ್ಲವೇ ಇಲ್ಲ. ಅವನ್ನು ಎಷ್ಟು ತಳ್ಳಿದರೂ ಎಂಜಿನ್ ತಿರುಗುವುದಿಲ್ಲ. ಅದೇ ಕಾರಣಕ್ಕೆ ಎಂಜಿನ್ ನಿಂತ ಕಾರನ್ನು ಹಗ್ಗ ಕಟ್ಟಿ ದೂರ ಎಳೆಯಲೂಬಾರದು. ಮುಂದಿನ ಪಂಪ್ ನಿಂತಿರುವಾಗ ಒಳಗಿನ ಬುಶ್‌ಗಳಿಗೆ ಆಯಿಲ್ ಹೋಗುವುದಿಲ್ಲ. ಹಿಂದಿನ ಚಕ್ರಗಳನ್ನು ಎತ್ತಿ ಎಳೆಯಿರಿ, ಆಗದಿದ್ದರೆ ಪ್ರೊಪೆಲ್ಲರ್ ಶಾಫ್ಟ್ ಕಳಚಿ. ಯೋಕ್ ಪೂರ್ತಿ ಹೊರಬರುವ ಮಾದರಿಯಾದರೆ ಬಾಕ್ಸಿನ ಬಾಲಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ಬಿಗಿಯಾಗಿ ಕಟ್ಟಿ, ಇಲ್ಲವಾದರೆ ದಾರಿಯುದ್ದಕ್ಕೂ ಆಯಿಲ್ ಸುರಿಯುತ್ತದೆ.